ಕೀಬೋರ್ಡ್ ಸರಿಯಿಲ್ಲ

ಯೂನಿವರ್ಸಿಟಿಗೆ ಸೇರುವ ಮುಂಚಿನ ಬೇಸಿಗೆಯಲ್ಲಿ ನನಗೊಂದು ಲ್ಯಾಪ್‌ಟಾಪ್ ಬೇಕು ಎಂದಾಗ ಅಪ್ಪ ಯಾಕೆ ಎಂದು ಕೇಳಿದರು. ಕ್ಲಾಸಿನಲ್ಲಿ ನೋಟ್ಸ್ ತೆಗೆದುಕೊಳ್ಳೋಕೆ ಎಂದೆ. "ಅದಕ್ಕೆ ಮಷೀನು ಯಾಕಮ್ಮ? ಒಂದು ಪೆನ್ಸಿಲ್ಲು, ಒಂದು ನೋಟ್‌ಬುಕ್ಕು ಸಾಕು. ರಜ ಮುಗಿಯೋದ್ರೊಳಗೆ ನಿಂಗೆ ಶಾರ್ಟ್‌ಹ್ಯಾಂಡ್ ಕಲಿಸಿಬಿಡ್ತೀನಿ" ಎಂದರು. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ತಿಂಡಿ ತಟ್ಟೆಯ ಪಕ್ಕದಲ್ಲಿ ಹೊಸ ನೋಟ್‌ಬುಕ್ಕೂ ಚೂಪು ಮಾಡಿದ ಎರಡು ಪೆನ್ಸಿಲ್ಲೂ ಇದ್ದವು.

ಆಗ ನನಗೆ ಹದಿನೆಂಟು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ದೆಹಲಿಯ ಮಯೂರ್ ವಿಹಾರದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುವುದೇ ನನಗೊಂದು ದೊಡ್ಡಸ್ತಿಕೆ. "ಅಪ್ಪ, ಆಜ್‌ಕಲ್ ಶಾರ್ಟ್‌ಹ್ಯಾಂಡ್ ಕೌನ್ ಸೀಖ್ತಾ ಹೈ?" ಈ ಕಾಲದಲ್ಲಿ ಅದನ್ನು ಯಾರು ಕಲಿಯುತ್ತಾರೆ ಎಂದು ನಕ್ಕು ಎದ್ದುಹೋದೆ. ನೋಟ್‌ಬುಕ್ಕೂ ಪೆನ್ಸಿಲ್ಲೂ ಒಂದು ವಾರ ಊಟದ ಮೇಜಿನ ಮೇಲೇ ಇದ್ದವು. ಆಮೇಲೆ ಅಮ್ಮ ಎತ್ತಿ ಕಪಾಟಿನಲ್ಲಿಟ್ಟಳು.

ಅಪ್ಪ ಸ್ಟೆನೋಗ್ರಾಫರ್. ಹಾಸನದಲ್ಲಿ ಟೈಪಿಂಗ್, ಮಾತಿನ ವೇಗಕ್ಕೆ ಗೀರು ಚುಕ್ಕಿಗಳಲ್ಲಿ ಬರೆದುಕೊಳ್ಳುವ ಶಾರ್ಟ್‌ಹ್ಯಾಂಡ್ ಎರಡನ್ನೂ ಕಲಿತು, ಪರೀಕ್ಷೆ ಪಾಸು ಮಾಡಿ, ಚಿಕ್ಕ ವಯಸ್ಸಿಗೇ ದೆಹಲಿಗೆ ಬಂದು ಒಂದು ಸಚಿವಾಲಯ ಸೇರಿದವರು. ಅಲ್ಲಿಂದಾಚೆಗೆ ಸಾಹೇಬರುಗಳು ಹೇಳಿದ್ದನ್ನು ಬರೆದುಕೊಂಡು, ಟೈಪು ಮಾಡಿ, ಓದಿ ಹೇಳುವುದೇ ಅವರ ಜೀವನ. ಅವರ ಬಲಗೈ ತೋರುಬೆರಳಿಗೆ ಒಂದು ಚಟ ಅಂಟಿಕೊಂಡಿತ್ತು. ಎದುರಿಗೆ ಯಾರೇ ಮಾತಾಡಲಿ, ಆ ಬೆರಳು ತೊಡೆಯ ಮೇಲೆ ಸಣ್ಣಗೆ ಆಡುತ್ತಿತ್ತು. ಟಿವಿಯ ವಾರ್ತೆ, ಮೇಲಿನ ಮನೆಯವರ ಜಗಳ, ಅಮ್ಮನ ಬೈಗುಳ ಎಲ್ಲವನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಪ್ಯಾಂಟಿನ ಮೇಲೆ ಬರೆದುಕೊಳ್ಳುತ್ತಿದ್ದರು. "ನಾನು ಬೈದಿದ್ದೆಲ್ಲ ನಿಮ್ಮ ಪ್ಯಾಂಟಲ್ಲೇ ಇದೆ. ಒಗೆಯೋಳೂ ನಾನೇ" ಎನ್ನುತ್ತಿದ್ದಳು ಅಮ್ಮ.

ಅವರ ಕೆಲಸಕ್ಕೆ ಒಂದು ನಿಯಮವಿತ್ತು. ಅದನ್ನು ನಾನು ಮಗ್ಗಿಗಿಂತ ಮೊದಲೇ ಕೇಳಿ ಬೆಳೆದಿದ್ದೆ. ಹೇಳುವವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ಸಾಹೇಬರು ತಪ್ಪು ಹೇಳಿದರೆ ತಪ್ಪನ್ನೇ ಬರೆಯಬೇಕು, ಇನ್ನೊಮ್ಮೆ ಹೇಳಿ ಎನ್ನಬಾರದು, ನಮ್ಮ ಬುದ್ಧಿ ಸೇರಿಸಬಾರದು. ಕೊನೆಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಆಗ ಹೇಳಿದವರೇ ತಮ್ಮ ತಪ್ಪನ್ನು ತಿದ್ದಿಕೊಳ್ಳುತ್ತಾರೆ. "ತಿದ್ದೋ ಹಕ್ಕು ಹೇಳಿದೋರಿಗೆ, ನಮಗಲ್ಲ" ಎನ್ನುತ್ತಿದ್ದರು.

ಶಾರ್ಟ್‌ಹ್ಯಾಂಡನ್ನು ನಾನು ತಳ್ಳಿಹಾಕಿದ ಮೇಲೆ ಅಪ್ಪ ಸಿಟ್ಟು ಮಾಡಿಕೊಳ್ಳಲಿಲ್ಲ. ಲ್ಯಾಪ್‌ಟಾಪೇ ಆಗಲಿ ಎಂದು ಆಫೀಸಿನಲ್ಲಿ ನಾಲ್ಕು ಜನರನ್ನು ವಿಚಾರಿಸಿಕೊಂಡು ಬಂದು, ಒಂದು ಹಾಳೆಯಲ್ಲಿ ಅಂಶಗಳನ್ನು ಪಟ್ಟಿ ಮಾಡಿದರು. ಮೆಟ್ರೋದಲ್ಲಿ ನಿಂತು ಹೋಗಬೇಕಾದ್ದರಿಂದ ಭಾರ ಕಡಿಮೆ ಇರಬೇಕು. ಕ್ಲಾಸಿನಲ್ಲಿ ಎಲ್ಲರಿಗೂ ಪ್ಲಗ್ಗು ಸಿಗದು, ಹಾಗಾಗಿ ಬ್ಯಾಟರಿ ಒಂದು ದಿನ ಬರಬೇಕು. ಪರದೆ ಕಣ್ಣಿಗೆ ಹೊಡೆಯಬಾರದು. ಮೆಮೊರಿ ಎಷ್ಟಿರಬೇಕು ಎಂಬುದನ್ನು ಯಾರೋ ಹೇಳಿದ್ದನ್ನು ಹಾಗೇ ಬರೆದು ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿದ್ದರು. ಕಡೆಯ ಅಂಶದ ಕೆಳಗೆ ಮಾತ್ರ ಎರಡು ಗೆರೆ ಎಳೆದಿದ್ದರು: ಕೀಬೋರ್ಡನ್ನು ಖುದ್ದಾಗಿ ಕೂತು ಟೈಪ್ ಮಾಡಿ ನೋಡತಕ್ಕದ್ದು.

ಉಳಿದದ್ದೆಲ್ಲ ಅಪ್ಪನಿಗೆ ಹೊಸದು, ಕೀಬೋರ್ಡ್ ಮಾತ್ರ ಅವರ ಸಾಮ್ರಾಜ್ಯ. ಟೈಪಿಂಗಿನಲ್ಲಿ ಅವರದು ಎತ್ತಿದ ಕೈ. ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದರು, ತಪ್ಪಾದರೆ ಕಣ್ಣು ತೆರೆಯದೆಯೇ ಬೆರಳಿಗೆ ಗೊತ್ತಾಗುತ್ತಿತ್ತು. ಇನ್ನೆರಡು ವರ್ಷಕ್ಕೆ ನಿವೃತ್ತಿ ಇತ್ತು. ಆಫೀಸಿನಲ್ಲಿ ಹೊಸ ಸಾಹೇಬರು ತಾವೇ ಟೈಪ್ ಮಾಡಿಕೊಳ್ಳುತ್ತಿದ್ದರು. ಮಗಳ ಲ್ಯಾಪ್‌ಟಾಪ್ ಆರಿಸುವುದರಲ್ಲಿ ತಮ್ಮ ವಿದ್ಯೆಗೆ ಕೊನೆಗೊಂದು ಕೆಲಸ ಸಿಕ್ಕಿತಲ್ಲ ಎಂದು ಅವರಿಗೆ ಖುಷಿಯಾಗಿತ್ತು. ಇದು ನನಗೆ ಅವತ್ತು ಹೊಳೆದಿದ್ದರೆ ನಾನು ಬೇರೆ ರೀತಿ ನಡೆದುಕೊಳ್ಳುತ್ತಿದ್ದೆ.

ಜೂನ್ ತಿಂಗಳ ಒಂದು ಶನಿವಾರ ದಕ್ಷಿಣ ದೆಹಲಿಯ ಕಂಪ್ಯೂಟರ್ ಮಾರುಕಟ್ಟೆಗೆ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿ ಹಾಕಿದ್ದರು. ಬಲ ಮುಂಗೈಯ ಗುಂಡಿ ಹಾಕಿರಲಿಲ್ಲ, ತೋಳು ಜೋತಾಡುತ್ತಿತ್ತು. ಗುಂಡಿ ಹಾಕಿಕೊಳ್ಳಿ ಅಪ್ಪ, ಹೇಗೇಗೋ ಕಾಣ್ತಿದೀರಿ ಎಂದೆ. ಸೆಕೆ ಎಂದರು. ಇಷ್ಟು ಸೆಕೆಯಿದ್ದರೆ ಎಡಗಡೆಯ ಗುಂಡಿ ಯಾಕೆ ಹಾಕಿದ್ದೀರಿ ಎಂದು ನಾನು ಕೇಳಲಿಲ್ಲ.

ಮೊದಲನೇ ಅಂಗಡಿಯಲ್ಲಿ ಅಪ್ಪ ಲ್ಯಾಪ್‌ಟಾಪಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು, ಎರಡೂ ಕೈ ಇಟ್ಟು, ಕಣ್ಣು ಮುಚ್ಚಿದರು. ನೌಕರಿಯ ಪರೀಕ್ಷೆಯಲ್ಲಿ ಕೊಟ್ಟಿದ್ದ ಒಂದು ಒಣ ಇಂಗ್ಲಿಷ್ ಪ್ಯಾರಾ ಅವರಿಗೆ ಬಾಯಿಪಾಠ. ಅಂಚೆ ಚೀಲಗಳನ್ನು ವಿಂಗಡಿಸುವ ಬಗೆಗಿನದು. ಹೊಸ ಮಷೀನು ಯಾವುದು ಬಂದರೂ ಅದನ್ನೇ ಟೈಪ್ ಮಾಡಿ ನೋಡುವುದು ಅವರ ಪದ್ಧತಿ. ಬೆರಳುಗಳು ಹರಿದವು. ಅಂಗಡಿಯವನೂ ಬಾಯಿ ಬಿಟ್ಟು ನೋಡಿದ. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಮುಗಿಸಿ ಅಪ್ಪ ಕಣ್ಣು ತೆರೆದರು. ಪರದೆಯ ಮೇಲೆ ಹಲ್ಲು ಬಿದ್ದ ಹಾಗೆ ಪದಗಳಿಂದ ಅಕ್ಷರ ಉದುರಿಹೋಗಿತ್ತು. 'ಎ' ಎಲ್ಲೂ ಬಿದ್ದಿರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ನೋಡಿ, "ಎ ಬೀಳ್ತಿಲ್ಲ. ಕೀಬೋರ್ಡ್ ಸರಿಯಿಲ್ಲ, ನಡಿ" ಎಂದು ಕನ್ನಡದಲ್ಲಿ ಹೇಳಿ ಎದ್ದರು.

ಎರಡನೇ ಅಂಗಡಿಯಲ್ಲೂ ಅದೇ ಪ್ಯಾರಾ, ಅದೇ ತಪ್ಪು. "ಇದೂ ಸರಿಯಿಲ್ಲ." ಮೂರನೆಯದರಲ್ಲಿ ಎರಡು ಲ್ಯಾಪ್‌ಟಾಪ್ ನೋಡಿದರು. ನಾಲ್ಕನೇ ಅಂಗಡಿ ತಲುಪುವ ಹೊತ್ತಿಗೆ ನನ್ನ ತಲೆ ಕಾದ ಕಾವಲಿಯಾಗಿತ್ತು. ಅಲ್ಲಿ ನನಗೆ ಬೇಕಾದದ್ದೇ ಇತ್ತು, ಬೂದು ಬಣ್ಣದ್ದು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಅಪ್ಪ ಕೂತರು. ಈ ಸಲ ಕಣ್ಣು ತೆರೆದೇ ಟೈಪ್ ಮಾಡಿದರು. 'ಎ' ಒತ್ತುವ ಎಡಗೈಯ ಕಿರುಬೆರಳನ್ನು ನೋಡುತ್ತಾ ನಿಧಾನವಾಗಿ ಒತ್ತಿದರು. ಆದರೂ ಎರಡು ಕಡೆ ಬಿದ್ದರೆ ಹತ್ತು ಕಡೆ ಬೀಳಲಿಲ್ಲ. ಅಂಗಡಿಯವನು ತುಟಿ ಕಚ್ಚಿ ನಗು ತಡೆದುಕೊಂಡ. "ಅಂಕಲ್, ಬ್ರ್ಯಾಂಡ್ ನ್ಯೂ ಹೈ" ಎಂದ. ಅಪ್ಪ ನನ್ನ ಕಡೆ ತಿರುಗಿ, "ಇದರದ್ದೂ ಕೀಬೋರ್ಡ್ ಸರಿಯಿಲ್ಲಮ್ಮ, ಇನ್ನೊಂದು ಕಡೆ ನೋಡೋಣ" ಎಂದರು.

ದೆಹಲಿಯ ಅಂಗಡಿಗಳಲ್ಲಿ ಕನ್ನಡವೆಂದರೆ ನಮಗೊಂದು ಪರದೆ ಇದ್ದ ಹಾಗೆ. ಚೌಕಾಸಿ, ಅನುಮಾನ, ಜಗಳ ಯಾವುದೇ ಇದ್ದರೂ ಕನ್ನಡದಲ್ಲಿ ಮಾತಾಡಿ ಮುಗಿಸಿದರೆ ಯಾರಿಗೂ ತಿಳಿಯುವುದಿಲ್ಲ. ಅಪ್ಪ ನಾಲ್ಕು ಅಂಗಡಿಯಲ್ಲೂ ಆ ಪರದೆಯ ಹಿಂದೆಯೇ ನಿಂತಿದ್ದರು. ನಾನು ಬೇಕೆಂದೇ ಹಿಂದಿಯಲ್ಲಿ, ಅಂಗಡಿಯವನಿಗೂ ಕೇಳುವ ಹಾಗೆ, "ಕೀಬೋರ್ಡ್ ಠೀಕ್ ಹೈ ಅಪ್ಪ. ಖರಾಬ್ ತೋ ಆಪ್‌ಕಾ ಹಾಥ್ ಹೈ" ಎಂದೆ. ಕೀಬೋರ್ಡ್ ಸರಿಯಾಗಿದೆ, ಕೆಟ್ಟಿರುವುದು ನಿಮ್ಮ ಕೈ.

ಅಪ್ಪ ಎದ್ದು, ಆ ಬೂದು ಬಣ್ಣದ್ದನ್ನೇ ಪ್ಯಾಕ್ ಮಾಡಲು ಹೇಳಿದರು.

ಮೆಟ್ರೋದಲ್ಲಿ ಪಕ್ಕಪಕ್ಕ ಕೂತು ಬಂದೆವು. ಎದುರು ಸೀಟಿನಲ್ಲಿ ಇಬ್ಬರು ಹೆಂಗಸರು ಎಡೆಬಿಡದೆ ಮಾತಾಡುತ್ತಿದ್ದರು. ಅಪ್ಪನ ಬಲಗೈ ತೊಡೆಯ ಮೇಲಿತ್ತು, ಬೆರಳು ಆಡಲಿಲ್ಲ. ಅದು ಸುಮ್ಮನಿದ್ದುದನ್ನು ನಾನು ನೋಡಿದ್ದು ಅವತ್ತೇ ಮೊದಲು. ನನ್ನ ಮಾತನ್ನೂ ಬರೆದುಕೊಂಡಿರಲಾರರು ಎಂದು ಸಮಾಧಾನ ಮಾಡಿಕೊಂಡೆ. ಮನೆಗೆ ಬಂದ ಕೂಡಲೇ ಅಮ್ಮನಿಗೆ ಹೇಳಿದರು, "ತಗೊಂಡ್ವಿ. ಚೆನ್ನಾಗಿದೆ. ಕೀಬೋರ್ಡ್ ಮಾತ್ರ ಸರಿಯಿಲ್ಲ."

ದೀಪಾವಳಿಯ ಹೊತ್ತಿಗೆ ಅಪ್ಪನ ಎಡಗೈಯಿಂದ ಲೋಟ ಜಾರತೊಡಗಿತು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲೊಂದು ಗುಳಿ ಬಿದ್ದಿತ್ತು. ಬಲತೋಳಿನ ಗುಂಡಿ ಹಾಕಿಕೊಳ್ಳಲು ಎಡಗೈ ಬೇಕು, ಆ ಕೈಗೆ ಬೇಸಿಗೆಯಿಂದಲೇ ಆಗುತ್ತಿರಲಿಲ್ಲ ಎಂದು ಅಮ್ಮ ಆಗ ಹೇಳಿದಳು. ಬಿಪಿ ಮಾತ್ರೆಯಿಂದ ಹೀಗಾಗಿದೆ ಎಂದು ಇಬ್ಬರೂ ನಂಬಿಕೊಂಡಿದ್ದರಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಲವು ಸಲ ಓಡಾಡಿದ ಮೇಲೆ ಡಾಕ್ಟರು ಕೂರಿಸಿಕೊಂಡು ತಿಳಿಸಿದರು. ನರಗಳ ಕಾಯಿಲೆ, ಕೈಯಲ್ಲಿ ಶುರುವಾಗಿದೆ. ಕಾಲಿಗೂ ನಾಲಿಗೆಗೂ ಬರುತ್ತದೆ, ಬುದ್ಧಿ ಮಾತ್ರ ಕೊನೆಯವರೆಗೂ ಚುರುಕಾಗಿರುತ್ತದೆ, ಗುಣವಾಗುವ ಔಷಧಿ ಇಲ್ಲ. ಅಪ್ಪ ಒಂದೇ ಪ್ರಶ್ನೆ ಕೇಳಿದರು, ಟೈಪಿಂಗ್ ಎಷ್ಟು ದಿನ ಮಾಡಬಹುದು ಎಂದು. ಡಾಕ್ಟರು ಫೈಲಿನ ಕಡೆ ನೋಡಿದರು.

ಆಟೋದಲ್ಲಿ ವಾಪಸು ಬರುವಾಗ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಪ್ಪ ಹೊರಗೆ ನೋಡುತ್ತಾ, "ಆದ್ರೂ ಅವತ್ತು ಆ ಕೀಬೋರ್ಡ್ ಸರಿಯಿರಲಿಲ್ಲ" ಎಂದರು.

"ಹೌದಪ್ಪ, ಸ್ವಲ್ಪ ಗಟ್ಟಿನೇ ಇದೆ" ಎಂದೆ.

ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಅದು ಸತ್ಯವಾಯಿತು. ನೋಡಲು ಬಂದವರಿಗೆ ಅಪ್ಪ ಹೇಳುವರು, "ಇವಳ ಲ್ಯಾಪ್‌ಟಾಪ್ ನೋಡಿ, ಎಲ್ಲ ಚೆನ್ನಾಗಿದೆ, ಕೀಬೋರ್ಡ್ ಸರಿಯಿಲ್ಲ." ಅಮ್ಮ ಹೂಂಗುಟ್ಟುವಳು. ನಾನು ಎಲ್ಲರ ಮುಂದೆ ಒಂದು ಕೀ ಜೋರಾಗಿ ಕುಟ್ಟಿ, ನೋಡಿ ಹೇಗೆ ಹಿಡಿಯುತ್ತದೆ ಎಂದು ತೋರಿಸುವೆ. ಅದು ಬೆಣ್ಣೆಯ ಹಾಗೆ ಇತ್ತು. ಕೀಬೋರ್ಡ್ ಕೆಟ್ಟಿರುವಷ್ಟು ದಿನ, ಆ ಜೂನ್ ತಿಂಗಳ ಶನಿವಾರದ ಮಟ್ಟಿಗಾದರೂ ಅಪ್ಪನ ಕೈ ಸರಿಯಾಗಿತ್ತು. ಅಷ್ಟನ್ನು ಉಳಿಸಿಕೊಡುವುದು ಬಿಟ್ಟರೆ ನಮ್ಮ ಕೈಯಲ್ಲಿ ಬೇರೇನೂ ಆಗುತ್ತಿರಲಿಲ್ಲ.

ಇದರಿಂದಾಗಿಯೇ ನನ್ನಿಂದ ಕ್ಷಮೆ ಕೇಳಲಾಗಲಿಲ್ಲ. ಎಷ್ಟೋ ಸಲ ಕೇಳಬೇಕೆಂದು ಹೊರಟಿದ್ದೆ. ಅಪ್ಪ, ಅವತ್ತು ಹಾಗೆ ಹೇಳಬಾರದಿತ್ತು ಎಂದರೆ, ನಾನು ಹೇಳಿದ್ದು ನಿಜವಾಗಿತ್ತು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ನಾಲಿಗೆ ಹರಿಬಿಟ್ಟವಳಿಗೆ ಬಾಯಿ ಮುಚ್ಚಿಕೊಂಡಿರುವುದೇ ಶಿಕ್ಷೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಆ ಸಂಕಟ ಈಗಲೂ ಹಾಗೇ ಇದೆ.

ಅಪ್ಪ ಅವಧಿಗೆ ಮುಂಚೆಯೇ ನೌಕರಿ ಬಿಟ್ಟರು. ಆ ಅರ್ಜಿಯನ್ನು ಟೈಪ್ ಮಾಡಿದವಳು ನಾನು. ಎರಡು ಬೆರಳಿನಲ್ಲಿ ಕೀ ಹುಡುಕಿ ಹುಡುಕಿ ಒತ್ತುವುದನ್ನು ಅವರಿಂದ ನೋಡಲಾಗಲಿಲ್ಲ. ಹಾಸನದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರು ಮಾಡುತ್ತಿದ್ದಂತೆ ನನ್ನ ಕೈಗಳ ಮೇಲೆ ಒಂದು ಟವೆಲ್ ಹೊದಿಸಲು ಅಮ್ಮನಿಗೆ ಹೇಳಿದರು. "ಕೀ ನೋಡಬೇಡ. ಬೆರಳಿಗೆ ಕಣ್ಣು ಬರುತ್ತೆ" ಎಂದರು. ತಿಂಗಳೊಪ್ಪತ್ತಿನಲ್ಲಿ ಬಂತು. ಕ್ಲಾಸಿನಲ್ಲಿ ನನ್ನ ನೋಟ್ಸ್ ಎಲ್ಲರಿಗಿಂತ ಪೂರ್ತಿಯಾಗಿರುತ್ತಿತ್ತು, ಗೆಳತಿಯರು ಪರೀಕ್ಷೆಗೆ ಮುಂಚೆ ಸಾಲುಗಟ್ಟಿ ಕೇಳುತ್ತಿದ್ದರು. ಅದನ್ನು ಹೇಳಿದಾಗ ಅಪ್ಪನ ಮುಖ ಅರಳಿತು.

ಕಾಲೇಜಿನಿಂದ ಬಂದ ಮೇಲೆ ಅಪ್ಪ ಹೇಳುವರು, ನಾನು ಬರೆಯುವೆ. ಪೆನ್ಷನ್ ಕಚೇರಿಗೆ, ಲಿಫ್ಟು ಕೆಟ್ಟಿರುವ ಬಗ್ಗೆ ಸೊಸೈಟಿಗೆ, ಹಾಸನದಲ್ಲಿ ಉಳಿದಿದ್ದ ಒಬ್ಬ ಹಳೆಯ ಗೆಳೆಯರಿಗೆ. ಜೀವಮಾನವಿಡೀ ಬೇರೆಯವರು ಹೇಳಿದ್ದನ್ನು ಬರೆದವರು ಈಗ ತಾವೇ ಹೇಳುವ ಸಾಹೇಬರಾಗಿದ್ದರು, ಮತ್ತು ಬಹಳ ಕಟ್ಟುನಿಟ್ಟಿನ ಸಾಹೇಬರು. ಕಾಗದ ಮುಗಿದ ಕೂಡಲೇ, "ಓದು" ಎನ್ನುವರು. ನಾನು ಒಮ್ಮೆ ಒಂದು ಪದವನ್ನು ಚೆಂದಗಾಣಿಸಲು ಬದಲಾಯಿಸಿದ್ದೆ. ತಕ್ಷಣ ಹಿಡಿದರು. "ಅದು ನಂದಲ್ಲ" ಎಂದರು.

ಎರಡನೇ ವರ್ಷ ನಾಲಿಗೆ ತೊಡರತೊಡಗಿತು. ಮೊದಲು ಅಮ್ಮನಿಗೆ, ಆಮೇಲೆ ಬಂದುಹೋಗುವವರಿಗೆ ಅವರ ಮಾತು ತಿಳಿಯದಾಯಿತು. ನನಗೆ ಮಾತ್ರ ತಿಳಿಯುತ್ತಿತ್ತು. ದಿನಾ ಅವರ ಮಾತು ಕೇಳಿ ಬರೆಯುತ್ತಿದ್ದವಳಿಗೆ ಕಿವಿ ಅಷ್ಟು ಪಳಗಿತ್ತು.

ಅವರು ಹೇಳಿ ಬರೆಸಿದ ಕಡೆಯ ಕಾಗದ ಫರೀದಾಬಾದಿಗೆ ಹೋಯಿತು. ನನ್ನ ಮೂರನೇ ವರ್ಷದ ಪರೀಕ್ಷೆ ಮುಗಿದಿತ್ತು. ಅಲ್ಲಿ ಅಮ್ಮನ ಅಣ್ಣನ ಮನೆ, ಅವನ ಮಗಳು ಆ ವರ್ಷ ಯೂನಿವರ್ಸಿಟಿಗೆ ಹೊರಟಿದ್ದಳು. ಅಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಒಂದು ಬೆಳಿಗ್ಗೆ ಅವಳು ರೆಕಾರ್ಡ್ ಮಾಡಿ ಕಳಿಸಿದ ಮಾತು ನನ್ನ ಫೋನಿಗೆ ಬಂತು: "ಮಾವ, ನಂಗೂ ಲ್ಯಾಪ್‌ಟಾಪ್ ತಗೋಬೇಕು. ಕೌನ್‌ಸಾ ಲೂಂ, ನೀವೇ ಡಿಸೈಡ್ ಮಾಡಿ ಹೇಳಿ ನಾ."

ಅಪ್ಪನಿಗೆ ಎರಡು ಸಲ ಕೇಳಿಸಿದೆ. ಕುರ್ಚಿಯಲ್ಲಿ ದಿಂಬು ಆನಿಸಿ ಕೂರಿಸಿದ್ದೆವು. ಎಡಗೈ ಪೂರ್ತಿ ಹೋಗಿತ್ತು, ಬಲಗೈಯಲ್ಲಿ ತೋರುಬೆರಳೊಂದು ಮಾತ್ರ ಅಲ್ಪಸ್ವಲ್ಪ ಆಡುತ್ತಿತ್ತು. ಲ್ಯಾಪ್‌ಟಾಪ್ ತಾ ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಅಮ್ಮ ಕೂಲರಿನ ಸದ್ದು ಅಡ್ಡ ಬಾರದಿರಲೆಂದು ಅದನ್ನು ಆರಿಸಿದಳು.

ಇಂಗ್ಲಿಷಿನಲ್ಲಿ, ಹಳೆಯ ಆಫೀಸು ಕಾಗದದ ಧಾಟಿಯಲ್ಲೇ ಶುರು ಮಾಡಿದರು. ನಾಲ್ಕು ಪದಕ್ಕೊಮ್ಮೆ ಉಸಿರು. ಭಾರ ಕಡಿಮೆಯಿರಲಿ, ಬೆನ್ನು ನಿನ್ನದು. ಬ್ಯಾಟರಿ ಒಂದು ದಿನ ಬರಲಿ. ಪರದೆಯನ್ನು ಅಂಗಡಿಯ ದೀಪದಲ್ಲಿ ನೋಡಬೇಡ, ಬಾಗಿಲ ಬೆಳಕಿಗೆ ತಂದು ನೋಡು. ಮೆಮೊರಿಯ ವಿಷಯದಲ್ಲಿ ಈಗ ಪ್ರಶ್ನೆ ಚಿಹ್ನೆ ಇರಲಿಲ್ಲ, ಇಷ್ಟಿರಬೇಕು ಎಂದು ಖಚಿತವಾಗಿ ಹೇಳಿದರು. ಇಷ್ಟಕ್ಕೇ ಬೆಳಗಿನ ಬಹುಭಾಗ ಹಿಡಿಯಿತು. ಐದನೆಯದು ಕೀಬೋರ್ಡ್ ಎಂದು ನನಗೆ ಗೊತ್ತೇ ಇತ್ತು, ಅವರ ಶ್ರಮ ಉಳಿಯಲಿ ಎಂದು ನಾನೇ ಆ ಪದ ಟೈಪ್ ಮಾಡಿ ಕಾದೆ.

ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಹೇಳುತ್ತಿದ್ದವರು ಕನ್ನಡಕ್ಕೆ ಹೊರಳಿದರು. "ನನ್ನ ಮಗಳ... ಕೀಬೋರ್ಡ್... ಸರಿಯಾಗೇ ಇತ್ತು. ಕೆಟ್ಟಿದ್ದು... ನನ್ನ ಕೈ."

ಸ್ಪಷ್ಟವಾಗಿ ಕೇಳಿಸಿತು. ಆದರೂ ನಾನು, "ಏನಪ್ಪ? ತಿಳೀಲಿಲ್ಲ" ಎಂದೆ. ಇನ್ನೊಮ್ಮೆ ಹೇಳಿ ಎನ್ನಬಾರದೆಂಬ ಅವರ ನಿಯಮ ಮುರಿದಿದ್ದೆ. ಅವರು ಉಸಿರು ಎಳೆದುಕೊಂಡು ಮೊದಲಿಂದ ಪೂರ್ತಿ ಇನ್ನೊಮ್ಮೆ ಹೇಳಿದರು. ಈ ಸಲ ಅಮ್ಮನಿಗೂ ತಿಳಿದಿರಬೇಕು, ಅಡುಗೆಮನೆಯಲ್ಲಿ ಅವಳ ಪಾತ್ರೆಯ ಸದ್ದು ನಿಂತಿತು. ಮೂರು ವರ್ಷ ಹಿಡಿದುಕೊಂಡು ಬಂದದ್ದನ್ನು ಅಪ್ಪ ಬಿಟ್ಟುಕೊಡುತ್ತಿದ್ದರು, ಅದನ್ನು ನನ್ನ ಕೈಯಿಂದಲೇ ಬರೆಸುತ್ತಿದ್ದರು. ಅಂಗಡಿಯಲ್ಲಿ ನಾನು ಹಿಂದಿಯಲ್ಲಿ ಎಸೆದ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡಿದ್ದರು.

ನಾನು ಟೈಪ್ ಮಾಡಿದೆ. ಬೆರಳು ನಿಲ್ಲಲಿಲ್ಲ, ಅವರೇ ಕಲಿಸಿದ ಬೆರಳು. ಕಣ್ಣಲ್ಲಿ ನೀರು ತುಂಬಿ ಪರದೆ ಕಾಣುತ್ತಿರಲಿಲ್ಲ, ಆದರೂ ತಪ್ಪಾಗಲಿಲ್ಲ.

"ಓದು" ಎಂದರು ಅಪ್ಪ.

ಇಂಗ್ಲಿಷಿನಲ್ಲಿ ನಾನು ಟೈಪ್ ಮಾಡಿದ್ದನ್ನು ಇದ್ದ ಹಾಗೇ ಕನ್ನಡದಲ್ಲಿ ಓದಿ ಹೇಳಿದೆ. "ಐದು. ನನ್ನ ಮಗಳ ಲ್ಯಾಪ್‌ಟಾಪಿನ ಕೀಬೋರ್ಡ್ ಸರಿಯಿಲ್ಲ. ತಗೊಳ್ಳೋವಾಗಲೇ ನಾನು ಹೇಳಿದ್ದೆ, ಅವಳು ಕೇಳಲಿಲ್ಲ. ನೀನು ಅಂಗಡಿಯಲ್ಲೇ ಕೂತು ಟೈಪ್ ಮಾಡಿ ನೋಡಿ ತಗೋ."

ಅಪ್ಪ ನನ್ನನ್ನೇ ನೋಡಿದರು. ಒಂದು ಪದ ಬದಲಾದರೂ ಬಿಡದವರು, ಪೂರ್ತಿ ಉಲ್ಟಾ ಆದದ್ದನ್ನು ಕೇಳಿಸಿಕೊಂಡಿದ್ದರು. ಅದು ನಂದಲ್ಲ ಎನ್ನುವರೆಂದು ಕಾದೆ. ತಿದ್ದುವ ಹಕ್ಕು ಅವರದು. ಬಹಳ ಹೊತ್ತು ನೋಡಿ, "ಕಳಿಸು" ಎಂದರು.

ಕಳಿಸಿದೆ. ಆಮೇಲೆ ನೋಡಿದರೆ ಪಂಚೆಯ ಮೇಲೆ ಅವರ ತೋರುಬೆರಳು ಆಡುತ್ತಿತ್ತು. ನಾಲ್ಕೈದು ಸಣ್ಣ ಗೀರು, ಒಂದು ಕೊಂಕಿ, ಒಂದು ಚುಕ್ಕಿ. ಏನೋ ಬರೆದರು, ನಿಲ್ಲಿಸಿ ನನ್ನ ಮುಖ ನೋಡಿದರು, ಅದನ್ನೇ ಮತ್ತೊಮ್ಮೆ ಬರೆದರು. ಶ್ರಾವಣ ಮುಗಿಯುವ ಮುಂಚೆ ಹೋಗಿಬಿಟ್ಟರು.

ಲ್ಯಾಪ್‌ಟಾಪ್ ಈಗಲೂ ನನ್ನ ಹತ್ತಿರವಿದೆ, ಇದನ್ನೂ ಅದರಲ್ಲೇ ಬರೆಯುತ್ತಿದ್ದೇನೆ. ಕೀಬೋರ್ಡ್ ಚೆನ್ನಾಗಿದೆ. ಆ ಗೀರುಗಳು ಹೇಗಿದ್ದವೆಂದು ಎಷ್ಟೋ ಸಲ ನನ್ನ ತೊಡೆಯ ಮೇಲೆ ಬರೆದು ನೋಡಿದ್ದೇನೆ. ಅವು ಏನು ಹೇಳುತ್ತವೆಂದು ನನಗೆ ಗೊತ್ತಿಲ್ಲ. ನಾನು ಶಾರ್ಟ್‌ಹ್ಯಾಂಡ್ ಕಲಿಯಲಿಲ್ಲ.